ಉಬ್ಬಿದ ನರ, ಉಳಿಯಬೇಕಾದ ನರ



ನಮ್ಮ ಮನೆಗಳಲ್ಲಿ ‘ನರ’ ಎಂಬ ಒಂದೇ ಮಾತು ಎಷ್ಟು ಹೊರೆಯನ್ನು ಹೊತ್ತಿದೆ ಎಂಬುದನ್ನು ನಾವು ಬಹುಶಃ ಯೋಚಿಸಿಲ್ಲ. ಕೈಯ ಮೇಲೆ ಹಸಿರಾಗಿ ಕಾಣುವ ರಕ್ತನಾಳಕ್ಕೆ ನರವೆನ್ನುತ್ತೇವೆ. ಆಸ್ಪತ್ರೆಯಲ್ಲಿ ಸೂಜಿ ಹಿಡಿದ ದಾದಿ ‘ನರ ಸಿಗುತ್ತಿಲ್ಲ’ ಎನ್ನುತ್ತಾಳೆ. ಕುತ್ತಿಗೆ ಉಳುಕಿದರೆ ‘ನರ ಹಿಡಿದಿದೆ’ ಎನ್ನುತ್ತೇವೆ. ಧೈರ್ಯವಿಲ್ಲದವನನ್ನು ‘ನರಸತ್ತವ’ ಎಂದು ಜರಿಯುತ್ತೇವೆ. ಇವುಗಳಲ್ಲಿ ಮೊದಲ ಎರಡು ಮಾತುಗಳು ರಕ್ತದ ನಾಳಕ್ಕೆ ಸಂಬಂಧಿಸಿದವು. ಉಳಿದವು ಸ್ಪರ್ಶವನ್ನೂ ಚಲನೆಯನ್ನೂ ಸಾಗಿಸುವ ತಂತುವಿಗೆ ಸಂಬಂಧಿಸಿದವು. ದೇಹದಲ್ಲಿ ಇವೆರಡೂ ಬೇರೆ ಬೇರೆ ವಸ್ತುಗಳು. ಭಾಷೆಯಲ್ಲಿ ಮಾತ್ರ ಒಂದಾಗಿ ಕುಳಿತಿವೆ.

ಪದಗಳ ಅರ್ಥವನ್ನು ಬಿಡಿಸಿ ಹೇಳುವುದು ನಮಗೆ ಹಳೆಯ ಅಭ್ಯಾಸ. ಆದರೆ ಈ ತಿಂಗಳು ಈ ಪದವನ್ನು ಎತ್ತಿಕೊಂಡದ್ದು ನಿಘಂಟಿನ ಆಸಕ್ತಿಯಿಂದಲ್ಲ. ನಮಗೆ ಬಲು ಹತ್ತಿರದ ಒಂದು ಮನೆಯಲ್ಲಿ ಈ ಒಂದು ಪದದ ಗೊಂದಲ ಹತ್ತು ವರ್ಷಕ್ಕೂ ಮಿಕ್ಕಿ ಸಂಕಟವನ್ನು ಬೆಳೆಸಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹೆಸರು ಬೇಡ, ವಿಷಯ ಸಾಕು.

ಆ ಮನೆಯ ಹಿರಿಯಕ್ಕ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪ್ರಾಥಮಿಕ ಶಾಲೆಯಲ್ಲಿ ನಿಂತು ಪಾಠ ಹೇಳಿದವರು. ಅವರ ಎಡಗಾಲಿನ ಒಳಬದಿಯಲ್ಲಿ ನಾಳಗಳು ಹಾವಿನಂತೆ ಸುತ್ತಿಕೊಂಡು ಉಬ್ಬಿದ್ದವು. 2011ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಉಬ್ಬು ಹೋಯಿತು, ಸಂಜೆಯ ಭಾರ ಹೋಯಿತು. ಅದರೊಡನೆ ಹರಡಿನ ಒಳಬದಿಯಿಂದ ಪಾದದ ಅಂಚಿನವರೆಗೆ ಸ್ಪರ್ಶವೂ ಹೊರಟುಹೋಯಿತು. ‘ಕೆಲವು ದಿನ ಹೀಗೆ ಇರುತ್ತದೆ’ ಎಂಬ ಒಂದು ಮಾತನ್ನು ಬಿಟ್ಟರೆ ಮೊದಲಾಗಲಿ ಆಮೇಲಾಗಲಿ ಅವರಿಗೆ ಯಾರೂ ಏನನ್ನೂ ತಿಳಿಸಿರಲಿಲ್ಲ. ಮುಂದಿನ ಚಳಿಗಾಲದಲ್ಲಿ ಬಿಸಿನೀರಿನ ಚೀಲವನ್ನು ಕಾಲಿನ ಬಳಿ ಇಟ್ಟುಕೊಂಡು ಮಲಗಿದರು. ಬೆಳಿಗ್ಗೆ ಎದ್ದು ನೋಡಿದರೆ ಬೊಬ್ಬೆ ಎದ್ದಿತ್ತು. ಸುಟ್ಟದ್ದು ಅವರಿಗೆ ತಿಳಿದಿರಲಿಲ್ಲ.

ಅವರ ತಮ್ಮ ಮದುವೆ ಮುಂಜಿಗಳ ಅಡುಗೆ ಮಾಡಿಸುವವರು. ಒಲೆಯ ಮುಂದೆ ನಿಲ್ಲುವುದೇ ಅವರ ಕಾಯಕ. ಅದೇ ವ್ಯಾಧಿ ಅವರ ಬಲಗಾಲಿಗೂ ಬಂದಿತು. ಚರ್ಮ ಕಪ್ಪಾಯಿತು, ತುರಿಕೆ ಹತ್ತಿತು, ಕೊನೆಗೆ ಹರಡಿನ ಮೇಲ್ಭಾಗದಲ್ಲಿ ಹುಣ್ಣು ಬಿದ್ದಿತು. ವೈದ್ಯರಲ್ಲಿಗೆ ಹೋಗೋಣ ಬನ್ನಿ ಎಂದು ನಾವು ಕರೆದಾಗ ಅವರು ಆಡಿದ ಮಾತು ಇನ್ನೂ ಕಿವಿಯಲ್ಲಿದೆ: “ಶಾಸ್ತ್ರಿಗಳೇ, ಅಕ್ಕನ ಕಾಲು ನೀವ ನೋಡೀರಿ. ನರ ತೆಗಿಸಾಕ ಹೋಗಿ ನರಾನ ಕಳಕೊಂಡು ಬಂದಳು. ನನ್ನ ಕಾಲು ಹಿಂಗ ಇದ್ದರೂ ಅಡ್ಡಿಯಿಲ್ಲ, ನಿಲ್ಲಾಕ ಬರತೈತಿ.”

ತಾವು ಎಷ್ಟು ನಿಖರವಾದ ಮಾತನ್ನಾಡಿದರೆಂಬುದು ಅವರಿಗೇ ತಿಳಿದಿರಲಿಲ್ಲ. ಒಂದು ನರವನ್ನು ತೆಗೆಯಲು ಹೋಗಿ ಇನ್ನೊಂದು ನರ ಗಾಸಿಗೊಂಡಿತ್ತು. ಈ ಗಾಸಿ ಏಕೆ ಆಗುತ್ತದೆ, ಅದನ್ನು ಹೇಗೆ ತಗ್ಗಿಸಬಹುದು ಎಂಬುದನ್ನು ಬಲ್ಲ ವೈದ್ಯರಿಂದ ಕೇಳಿ ತಿಳಿದು, ಗ್ರಂಥಗಳನ್ನು ನೋಡಿ, ನಮಗೆ ಮನದಟ್ಟಾದಷ್ಟನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲು ಉಬ್ಬುವ ನಾಳದ ವಿಚಾರ. ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳಕ್ಕೆ ಸಿರೆ ಎಂದು ಹೆಸರು. ಪಾದದಿಂದ ಹೃದಯಕ್ಕೆ ರಕ್ತ ಏರಬೇಕಾದುದು ಮೇಲ್ಮುಖವಾಗಿ. ಏರಿದ ರಕ್ತ ಮರಳಿ ಜಾರದಂತೆ ಸಿರೆಯ ಒಳಗೆ ಅಲ್ಲಲ್ಲಿ ಕವಾಟಗಳಿವೆ. ಅವು ಮೇಲಕ್ಕೆ ಮಾತ್ರ ತೆರೆಯುವ ಬಾಗಿಲುಗಳು. ಈ ಕವಾಟಗಳ ನಿಜವಾದ ಕೆಲಸವನ್ನು 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ತೋರಿಸಿಕೊಟ್ಟನು. ಕವಾಟ ಸಡಿಲವಾದರೆ ರಕ್ತ ಕೆಳಗೆ ಜಾರಿ ನಿಲ್ಲುತ್ತದೆ, ಸಿರೆ ಹಿಗ್ಗಿ ಸುತ್ತಿಕೊಳ್ಳುತ್ತದೆ. ಇದನ್ನೇ ವೈದ್ಯರು ವೆರಿಕೋಸ್ ವೇನ್ಸ್ ಎನ್ನುತ್ತಾರೆ. ವಂಶ, ವಯಸ್ಸು, ಗರ್ಭಧಾರಣೆ, ದೇಹದ ತೂಕ, ಬಹಳ ಹೊತ್ತು ನಿಲ್ಲುವ ಕೆಲಸ ಇವೆಲ್ಲ ಅದಕ್ಕೆ ನೆರವಾಗುತ್ತವೆ.

ಕೆಟ್ಟ ಸಿರೆಯನ್ನು ತೆಗೆದರೆ ಅಥವಾ ಮುಚ್ಚಿದರೆ ಕಾಲಿನ ರಕ್ತ ಹೋಗುವುದೆಲ್ಲಿಗೆ ಎಂದು ಹಲವರು ಕೇಳುತ್ತಾರೆ. ಕಾಲಿನ ರಕ್ತದ ಬಹುಪಾಲು ಮಾಂಸಖಂಡಗಳ ನಡುವಿನ ಆಳದ ಸಿರೆಗಳ ಮೂಲಕವೇ ಏರುತ್ತದೆ. ಚರ್ಮದಡಿಯ ಸಿರೆಗಳು ಒಯ್ಯುವುದು ಹತ್ತರಲ್ಲಿ ಒಂದು ಪಾಲು ಮಾತ್ರ. ಆದುದರಿಂದ ಆಳದ ದಾರಿ ನೆಟ್ಟಗಿದ್ದರೆ ಮೇಲಿನ ಕೆಟ್ಟ ದಾರಿಯನ್ನು ಮುಚ್ಚುವುದರಿಂದ ಹಾನಿಯಿಲ್ಲ, ಹಿತವೇ ಉಂಟು.

ಇನ್ನು ಉಳಿಯಬೇಕಾದ ನರದ ವಿಚಾರ. ಚರ್ಮದಡಿಯಲ್ಲಿ ಎರಡು ಮುಖ್ಯ ಸಿರೆಗಳಿವೆ. ದೊಡ್ಡದು ಹರಡಿನ ಒಳಬದಿಯ ಮುಂಭಾಗದಿಂದ ಹೊರಟು, ಮೊಳಕಾಲಿನ ಒಳಬದಿಯನ್ನು ಹಾದು, ತೊಡೆಸಂದಿಯಲ್ಲಿ ಆಳದ ಸಿರೆಯನ್ನು ಕೂಡುತ್ತದೆ. ಚಿಕ್ಕದು ಹರಡಿನ ಹೊರಬದಿಯ ಹಿಂಭಾಗದಿಂದ ಮೀನಖಂಡದ ನಡುವೆ ಏರಿ, ಸಾಮಾನ್ಯವಾಗಿ ಮೊಳಕಾಲಿನ ಹಿಂದಿನ ಕುಳಿಯಲ್ಲಿ ಆಳಕ್ಕಿಳಿಯುತ್ತದೆ. ಎರಡಕ್ಕೂ ಒಬ್ಬೊಬ್ಬ ಜೊತೆಗಾರರಿದ್ದಾರೆ. ದೊಡ್ಡ ಸಿರೆಯ ಜೊತೆಗಾರ ಸಫೀನಸ್ ನರ. ಅದು ತೊಡೆಯ ಆಳದಲ್ಲಿ ಇಳಿದು ಬಂದು, ಮೊಳಕಾಲಿನ ಒಳಬದಿಯಲ್ಲಿ ಮೇಲಕ್ಕೆ ಬಂದು, ಅಲ್ಲಿಂದ ಕೆಳಗೆ ಸಿರೆಯ ಮಗ್ಗುಲಲ್ಲೇ ಸಾಗುತ್ತದೆ. ಕಾಲಿನ ಕೆಳಭಾಗದಲ್ಲಂತೂ ಎರಡೂ ಅಂಟಿಕೊಂಡಂತೆ ಇರುತ್ತವೆ. ಚಿಕ್ಕ ಸಿರೆಯ ಜೊತೆಗಾರ ಸೂರಲ್ ನರ. ಅದು ಮೀನಖಂಡದ ಕೆಳಗಿನ ಭಾಗದಲ್ಲಿ ಸಿರೆಗೆ ಬಲು ಸಮೀಪ. ಈ ಎರಡು ನರಗಳೂ ಸ್ಪರ್ಶವನ್ನು ಮಾತ್ರ ಒಯ್ಯುತ್ತವೆ. ಇವು ಗಾಸಿಗೊಂಡರೆ ಕಾಲಿನ ಬಲ ಕುಂದುವುದಿಲ್ಲ; ಜೋಮು, ಉರಿ, ಮುಟ್ಟಿದರೆ ಚುಚ್ಚಿದಂತಾಗುವುದು ಇತ್ಯಾದಿಗಳು ಕಾಣಿಸುತ್ತವೆ.

ಚಲನೆಗೆ ಸೇರಿದ ನರಗಳು ಇನ್ನೆರಡುಂಟು. ಮೊಳಕಾಲಿನ ಹಿಂದಿನ ಕುಳಿಯಲ್ಲಿ ಟಿಬಿಯಲ್ ನರ ಇಳಿಯುತ್ತದೆ. ಅದೇ ಪ್ರದೇಶದಿಂದ ಪೆರೋನಿಯಲ್ ನರ ಹೊರಬದಿಗೆ ಹೊರಳಿ, ಮೊಳಕಾಲಿನ ಕೆಳಗೆ ಕೈಗೆ ಗುಂಡಾಗಿ ಸಿಗುವ ತೆಳ್ಳನೆಯ ಎಲುಬಿನ ಕುತ್ತಿಗೆಯನ್ನು ಸುತ್ತಿ ಮುಂದೆ ಬರುತ್ತದೆ. ಅಲ್ಲಿ ಅದರ ಮೇಲೆ ಚರ್ಮದ ಹೊದಿಕೆಯಷ್ಟೇ ಇದೆ. ಈ ನರ ಕಡಿದರೆ ಪಾದವನ್ನು ಮೇಲಕ್ಕೆತ್ತಲು ಬರುವುದಿಲ್ಲ. ನಡೆಯುವಾಗ ಬೆರಳುಗಳು ನೆಲಕ್ಕೆ ತಾಗಿ ಎಡವುತ್ತವೆ. ಇಂಥ ಗಾಸಿ ಅಪರೂಪವೆಂಬುದು ನಿಜ; ಆದರೆ ಅದು ಒದಗಿದವನಿಗೆ ಅಪರೂಪವೆಂಬ ಮಾತಿನಿಂದ ಯಾವ ಸಮಾಧಾನವೂ ದೊರೆಯದು.

ಇಲ್ಲಿ ಸುಶ್ರುತನ ನೆನಪಾಗುತ್ತದೆ. ಶಸ್ತ್ರವೈದ್ಯರಿಗೆಂದೇ ಹುಟ್ಟಿದ ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ 107 ಮರ್ಮಗಳ ವರ್ಣನೆಯಿದೆ. ಒಂದೊಂದು ಕಾಲಿನಲ್ಲಿ 11. ಅವುಗಳಲ್ಲಿ ಪೆಟ್ಟಾದರೆ ಪ್ರಾಣವನ್ನೇ ಒಯ್ಯುವವು ಕೆಲವು. ಪ್ರಾಣ ಉಳಿದರೂ ಅಂಗವನ್ನು ಊನಗೊಳಿಸುವವು 44. ಇವಕ್ಕೆ ವೈಕಲ್ಯಕರವೆಂದು ಹೆಸರು. ಶಸ್ತ್ರವನ್ನು ಇಡುವ ಮುನ್ನ ಮರ್ಮದ ಅಳತೆಯನ್ನು ಅಂಗುಲಗಳಲ್ಲಿ ಅರಿತು, ಅದನ್ನು ತಪ್ಪಿಸಿ ಇಡಬೇಕೆಂಬುದು ಆ ಗ್ರಂಥದ ಉಪದೇಶ. ಅಲ್ಲಿಯ ಮರ್ಮವೇ ಇಂದಿನ ನರವೆಂದು ನಾವು ವಾದಿಸಹೊರಟಿಲ್ಲ. ಅಲ್ಲಿಯ ‘ಸ್ನಾಯು’ ಶಬ್ದಕ್ಕೆ ಕಟ್ಟಿಹಿಡಿಯುವ ತಂತುವೆಂದು ಅರ್ಥ. ಇಂದಿನ ಕನ್ನಡದಲ್ಲಿ ಅದೇ ಶಬ್ದ ಮಾಂಸಖಂಡವನ್ನು ಸೂಚಿಸುತ್ತದೆ. ಶಬ್ದಗಳು ಕಾಲದೊಡನೆ ಹೊರಳುತ್ತವೆ. ಹೊರಳದೆ ನಿಂತದ್ದು ಆ ಉಪದೇಶ: ಕತ್ತರಿಸುವುದಕ್ಕಿಂತ ಮುಂಚೆ, ಕತ್ತರಿಸಬಾರದುದು ಎಲ್ಲಿದೆ ಎಂಬುದು ತಿಳಿದಿರಬೇಕು.

ಪಶ್ಚಿಮದ ಶಸ್ತ್ರವೈದ್ಯರು ಈ ಪಾಠವನ್ನು ಒಂದು ಶತಮಾನದ ಅನುಭವದಿಂದ ಕಲಿತರು. 1890ರ ಹೊತ್ತಿಗೆ ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ದೊಡ್ಡ ಸಿರೆಯನ್ನು ತೊಡೆಯಲ್ಲಿ ಕಟ್ಟಿಬಿಡುವ ಕ್ರಮವನ್ನು ಪ್ರಕಟಿಸಿದನು. ಕಟ್ಟಿದ ಮಾತ್ರಕ್ಕೆ ವ್ಯಾಧಿ ನಿಲ್ಲದೆ ಮರಳುತ್ತಿತ್ತು. ಆಗ ಅಮೆರಿಕದಲ್ಲಿ 1905ರಿಂದ 1907ರ ಒಳಗೆ ಕೆಲ್ಲರ್, ಮೇಯೊ, ಬ್ಯಾಬ್‌ಕಾಕ್ ಎಂಬ ಮೂವರು ಸಿರೆಯನ್ನೇ ಎಳೆದು ತೆಗೆಯುವ ಕ್ರಮಗಳನ್ನು ಒಬ್ಬರ ಹಿಂದೆ ಒಬ್ಬರು ತಂದರು. ಬ್ಯಾಬ್‌ಕಾಕ್‌ನದು ಬಹುಕಾಲ ಬಾಳಿತು: ಸಿರೆಯೊಳಗೆ ಬಾಗುವ ತಂತಿಯೊಂದನ್ನು ತೂರಿಸಿ, ಅದರ ತುದಿಯ ಗುಂಡಿಗೆ ಸಿರೆಯನ್ನು ಕಟ್ಟಿ, ಆಚೆಯ ತುದಿಯಿಂದ ಜಗ್ಗಿ ಎಳೆಯುವುದು. ಹರಡಿನಿಂದ ತೊಡೆಸಂದಿಯವರೆಗೆ ಇಡೀ ಸಿರೆ ಹೀಗೆ ಹೊರಬರುತ್ತಿತ್ತು. ಮಗ್ಗುಲಲ್ಲಿದ್ದ ನರವೂ ಹಲವು ಸಲ ಹರಿಯುತ್ತಿತ್ತು.

ಎರಡು ಸಂಗತಿಗಳು ನಿಧಾನವಾಗಿ ಸ್ಪಷ್ಟವಾದವು. ಒಂದು, ಎಳೆಯುವ ದಿಕ್ಕು. ನರ ಮೇಲಿನಿಂದ ಕೆಳಗಿಳಿಯುತ್ತ ಕವಲೊಡೆಯುತ್ತದೆ. ಅದನ್ನು ತಲೆಕೆಳಗಾಗಿ ಹಿಡಿದ ಕವೆಕೋಲೆಂದು ಭಾವಿಸಿರಿ. ಕೆಳಗಿನಿಂದ ಮೇಲಕ್ಕೆ ಎಳೆದ ಗುಂಡು ಆ ಕವೆಯೊಳಗೆ ಹೊಕ್ಕು, ಕವಲಿನ ಸಂದಿಯಲ್ಲಿ ಸಿಕ್ಕಿ, ನರವನ್ನು ಕಿತ್ತುಕೊಂಡೇ ಮುಂದೆ ಹೋಗುತ್ತದೆ. ಮೇಲಿನಿಂದ ಕೆಳಕ್ಕೆ ಎಳೆದರೆ ಕವಲುಗಳ ಮೇಲೆ ಜಾರಿಹೋಗುತ್ತದೆ. ಕೆಳಮುಖವಾಗಿ ಎಳೆದರೆ ನರದ ಗಾಸಿ ಕಡಿಮೆಯೆಂಬುದನ್ನು 1974ರಲ್ಲಿ ಇಂಗ್ಲೆಂಡಿನ ವೈದ್ಯರು ಪ್ರಕಟಿಸಿದರು.

ಎರಡನೆಯದು, ಎಲ್ಲಿಯವರೆಗೆ ಎಳೆಯಬೇಕೆಂಬುದು. ಮೊಳಕಾಲಿನ ಮೇಲೆ ನರ ಸಿರೆಯಿಂದ ದೂರದಲ್ಲಿದೆ; ಕೆಳಗೆ ಅಂಟಿಕೊಂಡಿದೆ. ಹಾಗಿರುವಾಗ ತೊಡೆಸಂದಿಯಿಂದ ಮೊಳಕಾಲಿನ ತುಸು ಕೆಳಗಿನವರೆಗೆ ಮಾತ್ರ ಸಿರೆಯನ್ನು ತೆಗೆದು, ಕೆಳಗಿನದನ್ನು ಬಿಟ್ಟುಬಿಟ್ಟರೆ ಹೇಗೆ? 1990ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಅಧ್ಯಯನದಲ್ಲಿ, ಹರಡಿನವರೆಗೂ ಸಿರೆ ತೆಗೆದವರಲ್ಲಿ ಶೇಕಡಾ 39 ಜನರಿಗೆ ಈ ನರದ ಗಾಸಿ ಕಂಡಿತು. ಮೊಳಕಾಲಿನವರೆಗೆ ಮಾತ್ರ ತೆಗೆದವರಲ್ಲಿ ಶೇಕಡಾ 7. ಈ ಎರಡು ಅಂಕಿಗಳ ನಡುವಿನ ಅಂತರವೇ ನಮ್ಮ ಅಕ್ಕನವರ ಕಾಲಿನ ಕಥೆ. ಮುಂದೆ ಸಿರೆಯನ್ನು ಕಾಲುಚೀಲದಂತೆ ಒಳಹೊರಗಾಗಿ ಮಗುಚಿ ಎಳೆಯುವ ಪದ್ಧತಿಯೂ ಬಳಕೆಗೆ ಬಂದಿತು. ಅದರಲ್ಲಿ ದೊಡ್ಡ ಗುಂಡು ಸುತ್ತಲಿನ ಮಾಂಸವನ್ನು ಉಜ್ಜಿಕೊಂಡು ಹೋಗುವುದಿಲ್ಲವಾದ್ದರಿಂದ ಗಾಯವೂ ಕಿರಿದು.

ಮುಖ್ಯ ಸಿರೆಯಲ್ಲದೆ ಕಾಲಿನ ಮೇಲೆ ಸುತ್ತಿಕೊಂಡಿರುವ ಕವಲು ಸಿರೆಗಳನ್ನು ಅಕ್ಕಿಕಾಳಿನಷ್ಟು ಸಣ್ಣ ಗಾಯಗಳಿಂದ ಕೊಕ್ಕೆ ಹಾಕಿ ತೆಗೆಯುತ್ತಾರೆ. ಸ್ವಿಟ್ಜರ್ಲೆಂಡಿನ ಚರ್ಮವೈದ್ಯ ಮುಲ್ಲರ್ ರೂಢಿಗೆ ತಂದ ಕ್ರಮವಿದು. ಚೊಕ್ಕಟವಾದ ಕೆಲಸ, ಆದರೆ ಕೊಕ್ಕೆಗೆ ಕಣ್ಣಿಲ್ಲ. ಹರಡಿನ ಸುತ್ತ, ಪಾದದ ಮೇಲೆ, ಮುಖ್ಯವಾಗಿ ಮೊಳಕಾಲಿನ ಹೊರಬದಿಯ ಆ ಎಲುಬಿನ ಕುತ್ತಿಗೆಯ ಬಳಿ, ಕೈ ತಡೆದು ಕೆಲಸ ಮಾಡಬೇಕು. ಬಿಳಿಯ ದಾರದಂತೆ ಬಿಗಿಯಾಗಿ ಬರುವುದನ್ನು ಜಗ್ಗಬಾರದು. ಅಂದಕ್ಕಾಗಿ ಕೊನೆಯ ಸಣ್ಣ ಸಿರೆಯನ್ನೂ ಹುಡುಕಿ ಕೀಳುವ ಹಟವನ್ನು ವೈದ್ಯನೂ ಬಿಡಬೇಕು, ರೋಗಿಯೂ ಬಿಡಬೇಕು.

ಚಿಕ್ಕ ಸಿರೆಯ ವಿಷಯದಲ್ಲಿ ಇನ್ನೊಂದು ತೊಡಕುಂಟು. ಅದು ಆಳದ ಸಿರೆಯನ್ನು ಕೂಡುವ ಜಾಗ ಎಲ್ಲರಲ್ಲಿಯೂ ಒಂದೇ ಅಲ್ಲ; ಕೆಲವರಲ್ಲಿ ಮೊಳಕಾಲಿನ ಮಡಿಕೆಯ ಬಳಿ, ಕೆಲವರಲ್ಲಿ ಬಹಳ ಮೇಲೆ. ಊಹೆಯಿಂದ ಕತ್ತರಿಸಿ ಹುಡುಕಹೋದರೆ ಟಿಬಿಯಲ್, ಪೆರೋನಿಯಲ್ ನರಗಳೆರಡೂ ಅಪಾಯಕ್ಕೆ ಸಿಕ್ಕುತ್ತವೆ. ಆದುದರಿಂದ ಡಾಪ್ಲರ್ ಪರೀಕ್ಷೆಯಿಂದ ಆ ಜಾಗವನ್ನು ಕಂಡು, ಚರ್ಮದ ಮೇಲೆ ಶಾಯಿಯಿಂದ ಗುರುತು ಮಾಡಿಕೊಂಡೇ ಮುಂದುವರಿಯಬೇಕೆಂಬುದು ಇಂದಿನ ನಿಯಮ. ಡಾಪ್ಲರ್ ಎಂದರೆ ಶಬ್ದತರಂಗಗಳಿಂದ ರಕ್ತದ ಹರಿವನ್ನು ಪರದೆಯ ಮೇಲೆ ತೋರಿಸುವ ಪರೀಕ್ಷೆ. ರೋಗಿಯನ್ನು ನಿಲ್ಲಿಸಿ ನೋಡುತ್ತಾರೆ. ಈ ಸಿರೆಗಳಲ್ಲಿ ರಕ್ತ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಕೆಳಮುಖವಾಗಿ ಹರಿದರೆ ಕವಾಟ ಕೆಟ್ಟಿದೆಯೆಂದು ತಿಳಿಯುತ್ತಾರೆ.

ಈಗ ಹೊಸ ಕ್ರಮಗಳ ಮಾತು. 1999ರಿಂದ ಈಚೆಗೆ ಸಿರೆಯನ್ನು ಕಿತ್ತು ತೆಗೆಯದೆ ಒಳಗಿನಿಂದಲೇ ಸುಟ್ಟು ಮುಚ್ಚುವ ಪದ್ಧತಿ ಹರಡಿದೆ. ರೇಡಿಯೊ ತರಂಗದಿಂದಲೋ ಲೇಸರ್ ಕಿರಣದಿಂದಲೋ ಸಿರೆಯ ಗೋಡೆಯನ್ನು ಕಾಯಿಸುತ್ತಾರೆ. ಇಂದು ಬಳಕೆಯಲ್ಲಿರುವ ಒಂದು ರೇಡಿಯೊ ತರಂಗದ ನಳಿಕೆ ಸಿರೆಯನ್ನು 7 ಸೆಂಟಿಮೀಟರ್‌ಗಳ ತುಂಡು ತುಂಡಾಗಿ, ಒಮ್ಮೆಗೆ 20 ಸೆಕೆಂಡಿನಂತೆ, 120 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತದೆ. ಅಷ್ಟು ಶಾಖದ ಪಕ್ಕದಲ್ಲಿ ನರವಿದ್ದರೆ ಅದರ ಗತಿಯೇನು ಎಂಬ ಪ್ರಶ್ನೆ ಯಾರಿಗಾದರೂ ಏಳಬೇಕಾದದ್ದೇ.

ಅದಕ್ಕೆ ಉತ್ತರ ನೀರು. ಲವಣದ ನೀರಿನಲ್ಲಿ ಮರಗಟ್ಟಿಸುವ ಮದ್ದನ್ನು ಬಹಳ ತೆಳುವಾಗಿ ಬೆರೆಸಿ, ಪರದೆಯ ಮೇಲೆ ಸೂಜಿಯ ತುದಿಯನ್ನು ನೋಡುತ್ತ, ಸಿರೆಯ ಸುತ್ತ ಅದರ ಇಡೀ ಉದ್ದಕ್ಕೂ ತುಂಬುತ್ತಾರೆ. 1987ರಲ್ಲಿ ಅಮೆರಿಕದ ಕ್ಲೈನ್ ಎಂಬ ಚರ್ಮವೈದ್ಯ ಕೊಬ್ಬು ತೆಗೆಯುವ ಚಿಕಿತ್ಸೆಗಾಗಿ ಪ್ರಕಟಿಸಿದ ಉಪಾಯವಿದು. ಈ ನೀರು ನೋವನ್ನು ತಡೆಯುತ್ತದೆ, ಸಿರೆಯನ್ನು ಒತ್ತಿ ಕಿರಿದಾಗಿಸುತ್ತದೆ, ಶಾಖವನ್ನು ಹೀರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಸಿರೆಗೂ ನರಕ್ಕೂ ನಡುವೆ ನಿಂತು ಅವೆರಡನ್ನೂ ದೂರ ಸರಿಸುತ್ತದೆ. ಒಲೆಯ ಪಕ್ಕದ ಗೋಡೆಗೆ ಉರಿ ತಾಗದಂತೆ ನಡುವೆ ನೀರಿನ ಕೊಡಗಳನ್ನು ಸಾಲಾಗಿ ಇಟ್ಟ ಹಾಗೆ. ಈ ನೀರನ್ನು ಅವಸರದಲ್ಲಿ ಕಡಿಮೆ ತುಂಬಿದರೆ ಅಪಾಯ. ಸಾವಕಾಶವಾಗಿ ಸುತ್ತಲೂ ತುಂಬಿದರೆ ರಕ್ಷೆ.

ಇದರೊಡನೆ ಹಳೆಯ ಪಾಠವೂ ಇಲ್ಲಿ ಸಲ್ಲುತ್ತದೆ. ದೊಡ್ಡ ಸಿರೆಯಲ್ಲಿ ನಳಿಕೆಯನ್ನು ಮೊಳಕಾಲಿನ ಬಳಿಯಿಂದ ಹೊಗಿಸಿ ಅಲ್ಲಿಂದ ಮೇಲಕ್ಕೆ ಮಾತ್ರ ಕಾಯಿಸಿದರೆ ಸಫೀನಸ್ ನರ ಬಹುಮಟ್ಟಿಗೆ ಉಳಿಯುತ್ತದೆ. ಚಿಕ್ಕ ಸಿರೆಯಲ್ಲಿ ಹರಡಿನ ಬಳಿಯಿಂದಲ್ಲದೆ ಮೀನಖಂಡದ ನಡುಭಾಗದಿಂದ ಹೊಗುವುದು ಲೇಸು; ಮೇಲಿನ ತುದಿಯಲ್ಲಿ, ಟಿಬಿಯಲ್ ನರ ಹತ್ತಿರವಾಗುವಲ್ಲಿ, ಮೊದಲೇ ನಿಲ್ಲುವುದು ಲೇಸು. ಇಂದಿನ ಪರದೆಗಳಲ್ಲಿ ನುರಿತ ಕಣ್ಣಿಗೆ ನರವೇ ಕಾಣಿಸುತ್ತದೆ. ಕಂಡುದನ್ನು ತಪ್ಪಿಸುವುದು ಸುಲಭ.

ರೋಗಿ ಎಚ್ಚರವಾಗಿರುವುದೂ ಒಂದು ರಕ್ಷಣೆಯೇ. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದ ಕೆಳಗೆಲ್ಲ ಮರಗಟ್ಟಿಸಿದರೆ, ಸೂಜಿ ನರಕ್ಕೆ ತಾಗಿದರೂ ರೋಗಿಗೆ ತಿಳಿಯದು. ಸಿರೆಯ ಸುತ್ತ ಮಾತ್ರ ಮರಗಟ್ಟಿಸಿದ್ದರೆ, ಪಾದದವರೆಗೆ ಮಿಂಚು ಹರಿದಂತಾದ ಕೂಡಲೆ ಅವನು ಬಾಯಿಬಿಟ್ಟು ಹೇಳಬಲ್ಲ, ವೈದ್ಯರು ಕೈ ತಡೆಯಬಲ್ಲರು. ಆಗ ಹಲ್ಲುಕಚ್ಚಿ ಸಹಿಸುವುದು ಧೈರ್ಯವಲ್ಲ.

ಶಾಖವೇ ಇಲ್ಲದ ಕ್ರಮಗಳೂ ಬಂದಿವೆ. ಸಿರೆಯ ಗೋಡೆಯನ್ನು ಕೆರಳಿಸಿ ಮುಚ್ಚುವ ಮದ್ದನ್ನು ನೊರೆಯಾಗಿಸಿ ತುಂಬುವುದು ಒಂದು. ಎರಡು ಸಿರಿಂಜುಗಳ ನಡುವೆ ಮದ್ದನ್ನೂ ಗಾಳಿಯನ್ನೂ ಆಡಿಸಿ ನೊರೆ ಮಾಡುವ ಸುಲಭೋಪಾಯವನ್ನು 2000ದಲ್ಲಿ ಇಟಲಿಯ ಟೆಸ್ಸಾರಿ ತಿಳಿಸಿದನು. ವೈದ್ಯಕೀಯ ಅಂಟಿನಿಂದ ಸಿರೆಯನ್ನು ಒಳಗೇ ಅಂಟಿಸುವುದು ಇನ್ನೊಂದು. ಅದಕ್ಕೆ 2015ರಲ್ಲಿ ಅಮೆರಿಕದ ಸರ್ಕಾರದ ಒಪ್ಪಿಗೆ ದೊರೆಯಿತು. ಇವುಗಳಲ್ಲಿ ಸುಡುವ ಕೆಲಸವಿಲ್ಲದ್ದರಿಂದ ನರದ ಗಾಸಿ ಬಲು ಕಡಿಮೆ. ಹಾಗೆಂದು ಇವು ದೋಷರಹಿತವಲ್ಲ. ನೊರೆಯಿಂದ ಮುಚ್ಚಿದ ಸಿರೆ ಮತ್ತೆ ತೆರೆದುಕೊಳ್ಳುವುದುಂಟು, ಚರ್ಮದ ಮೇಲೆ ಕಂದು ಕಲೆ ಉಳಿಯುವುದುಂಟು; ಅಂಟಿಗೆ ಕೆಲವರ ಚರ್ಮ ಕೆಂಪಾಗಿ ಕೆರಳುವುದುಂಟು. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆಯಾದ ನೈಸ್ 2013ರಲ್ಲಿ ಶಾಖದ ಕ್ರಮಕ್ಕೆ ಮೊದಲ ಸ್ಥಾನ, ನೊರೆಗೆ ಎರಡನೆಯದು, ಕತ್ತರಿಸಿ ತೆಗೆಯುವುದಕ್ಕೆ ಮೂರನೆಯದು ಎಂದು ಕ್ರಮಾಂಕ ಹಾಕಿಕೊಟ್ಟಿತು.

ಈ ಎಲ್ಲವನ್ನೂ ತಿಳಿದ ಮೇಲೆ 2023ರಲ್ಲಿ ನಾವು ಆ ತಮ್ಮನವರನ್ನು ಮತ್ತೊಮ್ಮೆ ಒಪ್ಪಿಸಿ, ರಕ್ತನಾಳಗಳ ತಜ್ಞರೊಬ್ಬರಲ್ಲಿಗೆ ಕರೆದೊಯ್ದೆವು. ಜೊತೆಗೆ ಅಕ್ಕನವರೂ ಬಂದರು. ಹುಣ್ಣನ್ನು ನೋಡಿದ ವೈದ್ಯರು ಹೇಳಿದ ಮೊದಲ ಮಾತು: “ಯಜಮಾನ್ರೇ, ಇದನ್ನ ಇಷ್ಟು ದಿನ ಇಟ್ಕೊಂಡು ಕೂಡಬಾರದಿತ್ತು.” ಸಿರೆಯ ಹುಣ್ಣಿಗೆ ಪಟ್ಟಿ ಕಟ್ಟುವುದರ ಜೊತೆಗೆ ಕೆಟ್ಟ ಸಿರೆಯನ್ನು ಬೇಗ ಮುಚ್ಚಿದರೆ ಹುಣ್ಣು ಬೇಗ ಮಾಯುತ್ತದೆಂದು 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿದೆ. 450 ಜನರನ್ನು ಒಳಗೊಂಡಿದ್ದ ಅದರಲ್ಲಿ ಬೇಗ ಚಿಕಿತ್ಸೆಯಾದವರ ಹುಣ್ಣು ಮಾಯಲು ಹಿಡಿದ ಮಧ್ಯಮ ಅವಧಿ 56 ದಿನ. ತಡವಾದವರದು 82 ದಿನ. ಭಯದಿಂದ ಕಳೆದ ವರ್ಷಗಳಿಗೂ ಬೆಲೆಯುಂಟು. ಅದನ್ನು ತೆತ್ತವರು ಅವರೇ.

ತಮ್ಮನವರು ಮೌನವಾಗಿ ಕುಳಿತಿದ್ದರು. ಕೇಳಿದವರು ಅಕ್ಕನವರು, ತರಗತಿಯಲ್ಲಿ ಪ್ರಶ್ನೆ ಕೇಳಿದ ಹಾಗೆ ಒಂದೊಂದಾಗಿ ಕೇಳಿದರು. ಆ ಪ್ರಶ್ನೆಗಳನ್ನು ಓದುಗರು ಬರೆದಿಟ್ಟುಕೊಳ್ಳಲಿ ಎಂದು ಕ್ರಮವಾಗಿ ಕೊಡುತ್ತಿದ್ದೇವೆ. ಯಾವ ಸಿರೆ ಕೆಟ್ಟಿದೆ, ಡಾಪ್ಲರ್‌ನಲ್ಲಿ ಎಲ್ಲಿಂದ ಎಲ್ಲಿಯವರೆಗೆ? ಆಳದ ಸಿರೆಗಳು ನೆಟ್ಟಗಿವೆಯೇ? ಯಾವ ಕ್ರಮ, ಅದೇ ಏಕೆ? ಮೊಳಕಾಲಿನ ಕೆಳಗೆ ಕೈ ಹಾಕುವುದು ಅನಿವಾರ್ಯವೇ? ಅಲ್ಲಿ ಯಾವ ನರವಿದೆ, ಅದನ್ನು ಹೇಗೆ ಕಾಯುವಿರಿ? ಈಗ ಕಾಲಿನಲ್ಲಿ ಸ್ಪರ್ಶ ಹೇಗಿದೆ ಎಂಬುದನ್ನು ಮುಂಚೆಯೇ ಪರೀಕ್ಷಿಸಿ ಬರೆದಿಡುವಿರಾ? ಈ ಕೊನೆಯ ಪ್ರಶ್ನೆ ಸಕ್ಕರೆ ಕಾಯಿಲೆಯವರಿಗೆ ಬಲು ಮುಖ್ಯ. ಅವರಲ್ಲಿ ಎಷ್ಟೋ ಜನರಿಗೆ ಪಾದದ ನರಗಳು ಮೊದಲೇ ಮಂದವಾಗಿರುತ್ತವೆ.

ವೈದ್ಯರು ಬೇಸರಿಸದೆ ಉತ್ತರಿಸಿದರು. ತೊಡೆಯ ಸಿರೆಯನ್ನು ಮೊಳಕಾಲಿನ ತುಸು ಕೆಳಗಿನಿಂದ ಮೇಲಕ್ಕೆ ರೇಡಿಯೊ ತರಂಗದಿಂದ ಮುಚ್ಚುವುದು, ಹುಣ್ಣಿನ ಹತ್ತಿರದ ಸಿರೆಗಳಿಗೆ ಶಾಖವನ್ನು ಒಯ್ಯದೆ ನೊರೆಯನ್ನು ಮಾತ್ರ ಬಳಸುವುದು ಎಂದು ನಿಶ್ಚಯವಾಯಿತು. “ಇಷ್ಟು ಮಾಡಿದರೂ ಅಂಗೈಯಗಲ ಜಾಗ ಕೆಲವು ತಿಂಗಳು ಜೋಮು ಹಿಡೀಬಹುದು, ಅಪರೂಪಕ್ಕೆ ಹಾಗೇ ಉಳೀಬಹುದು. ಇಲ್ಲ ಅಂತ ನಾನು ಮಾತು ಕೊಡಂಗಿಲ್ಲ” ಎಂದೂ ಅವರು ಹೇಳಿದರು. ಈ ಮಾತನ್ನು ಕೇಳಿ ತಮ್ಮನವರು ಎದ್ದು ಹೋಗಬಹುದೆಂದು ನಾವು ಅಂಜಿದ್ದೆವು. ಅವರು ಅಲ್ಲಿಯೇ ಒಪ್ಪಿಗೆಯಿತ್ತರು. ಆಮೇಲೆ ದಾರಿಯಲ್ಲಿ ಹೇಳಿದರು: “ಆಗಂಗಿಲ್ಲ ಅಂತ ಹೇಳಿದ್ದರ ನಾ ನಂಬತಿರಲಿಲ್ಲ, ಶಾಸ್ತ್ರಿಗಳೇ. ಆಗಬಹುದು ಅಂದ್ರು, ಅದಕ್ಕ ನಂಬಿದೆ.”

ಚಿಕಿತ್ಸೆಯ ನಂತರದ ಎಚ್ಚರವನ್ನೂ ತಿಳಿಸಬೇಕು. ಬಿಗಿಪಟ್ಟಿ ಅಥವಾ ಒತ್ತುಚೀಲ ಮೊಳಕಾಲಿನ ಹೊರಬದಿಯ ಎಲುಬಿನ ಮೇಲೆ ಸುರುಳಿಯಾಗಿ ಸೇರಿಕೊಂಡರೆ, ಶಸ್ತ್ರದಿಂದ ಉಳಿದ ಪೆರೋನಿಯಲ್ ನರ ಪಟ್ಟಿಯಿಂದ ಗಾಸಿಗೊಳ್ಳಬಹುದು. ಮೈ ಮರೆತು ಕಾಲಮೇಲೆ ಕಾಲು ಹಾಕಿ ಬಹಳ ಹೊತ್ತು ಕುಳಿತಿರುವುದೂ ಸಲ್ಲದು. ಪಾದಕ್ಕೆ ರಕ್ತ ತರುವ ಅಪಧಮನಿಗಳು ಕಿರಿದಾದವರಿಗೆ ಬಿಗಿಪಟ್ಟಿಯೇ ಅಪಾಯ. ಕಟ್ಟುವ ಮುನ್ನ ಪಾದದ ನಾಡಿಯನ್ನು ವೈದ್ಯರು ನೋಡಿರಬೇಕು. ಚಿಕಿತ್ಸೆಯ ಮಂಪರು ಇಳಿದ ಮೇಲೂ ಪಾದವನ್ನು ಮೇಲಕ್ಕೆತ್ತಲು ಬಾರದಿದ್ದರೆ ಒಂದು ದಿನವೂ ಕಾಯದೆ ತಿಳಿಸಬೇಕು. ಕೇವಲ ಜೋಮಾದರೆ ಗಾಬರಿ ಬೇಡ. ನರಕ್ಕೆ ಬರಿಯ ಒತ್ತಡ ಬಿದ್ದಿದ್ದರೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಒಳಗಿನ ಎಳೆ ಹರಿದು ಹೊದಿಕೆ ಉಳಿದಿದ್ದರೆ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಬೆಳೆಯುತ್ತದೆ; ಒಂದು ಗೇಣು ಬೆಳೆಯಲು ಆರೇಳು ತಿಂಗಳು ಬೇಕು. ಸ್ಪರ್ಶ ಮರಳುವವರೆಗೆ ಆ ಜಾಗಕ್ಕೆ ಬಿಸಿನೀರಿನ ಚೀಲ, ಕಾಯಿಸಿದ ಇಟ್ಟಿಗೆ, ಕೆಂಡದ ಕಾವು ಯಾವುದೂ ಸಲ್ಲದು. ದಿನಕ್ಕೊಮ್ಮೆ ಕಣ್ಣಿನಿಂದ ಪಾದವನ್ನು ನೋಡಿಕೊಳ್ಳಬೇಕು. ಚರ್ಮ ಹೇಳದುದನ್ನು ಕಣ್ಣು ಹೇಳಬೇಕು.

ತಮ್ಮನವರ ಹುಣ್ಣು ಮೂರನೆಯ ತಿಂಗಳಲ್ಲಿ ಮಾಯಿತು. ಮೊಳಕಾಲಿನ ಕೆಳಗೆ ರೂಪಾಯಿಯಗಲದ ಒಂದು ಜಾಗ ಜೋಮು ಹಿಡಿದಿತ್ತು. ಐದಾರು ತಿಂಗಳಲ್ಲಿ ಅದೂ ಬಹಳಷ್ಟು ಇಳಿಯಿತು. ಅದಕ್ಕಾಗಿ ಅವರು ಒಂದು ದಿನವೂ ಹೆದರಲಿಲ್ಲ, ಯಾರನ್ನೂ ದೂರಲಿಲ್ಲ. ಅದು ಅವರಿಗೆ ಮೊದಲೇ ತಿಳಿದಿತ್ತು.

ಕಳೆದ ಸಲ ಆ ಮನೆಗೆ ಹೋದಾಗ ಅಕ್ಕನವರು ಎಡಗಾಲನ್ನು ನೀವಿಕೊಳ್ಳುತ್ತ ಹೇಳಿದರು: “ನನ್ನ ಕಾಲಿನ ಜೋಮು ಇಷ್ಟು ವರ್ಷದಾಗ ರೂಢಿ ಆಗೇತಿ ಬಿಡ್ರಿ. ಆದರ ಹಿಂಗ ಆಗಬಹುದು ಅಂತ ಅವತ್ತು ಒಂದು ಮಾತು ಹೇಳಿದ್ದರ, ಕಾಲಿಗೆ ಸುಟ್ಟ ಕಲೆ ಬೀಳತಿರಲಿಲ್ಲ. ನನ್ನ ತಮ್ಮ ಹುಣ್ಣು ಕಟ್ಟಿಕೊಂಡು ವರ್ಷಗಟ್ಟಲೆ ಕೂಡತಿರಲಿಲ್ಲ.”

ಆ ತಾಯಿಯ ಮಾತಿಗೆ ನಾವು ಸೇರಿಸಬೇಕಾದುದು ಹೆಚ್ಚಿಲ್ಲ. ನಿಂತು ದುಡಿಯುವ ಜೀವಗಳು ನಿಮ್ಮ ಮನೆಯಲ್ಲಿಯೂ ಇದ್ದಾವು. ಸಂಜೆಯ ಹೊತ್ತಿಗೆ ಅವರ ಕಾಲುಗಳನ್ನೊಮ್ಮೆ ನೋಡಿರಿ. ಉಬ್ಬಿದ ನಾಳವೋ ಕಪ್ಪಾದ ಚರ್ಮವೋ ಕಂಡರೆ ಹುಣ್ಣಾಗುವವರೆಗೆ ಕಾಯಬೇಡಿರಿ. ವೈದ್ಯರ ಮುಂದೆ ಕುಳಿತಾಗ, ತೆಗೆಯುವ ನರ ಯಾವುದು, ಉಳಿಸುವ ನರ ಯಾವುದು ಎಂದು ಬಾಯಿಬಿಟ್ಟು ಕೇಳಿರಿ. ಕೇಳುವುದು ಅವಿಶ್ವಾಸವಲ್ಲ. ಬಲ್ಲ ವೈದ್ಯರು ಅದರಿಂದ ಮುನಿಯುವುದೂ ಇಲ್ಲ.